ಮುದಿ ಕೋಳಿಯ ಸಾಕ್ಷಿ

ಜೂನ್ 10, ಸೋಮವಾರ. ಬೀದರ

ಮಲ್ಲಿಕಾರ್ಜುನಪ್ಪನವರ ಆಫೀಸು ಸೇರಿ ಇವತ್ತಿಗೆ ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ನ್ಯಾಯಾಧೀಶರ ಮುಂದೆ ನಾನು ಅತಿ ಹೆಚ್ಚು ಸಲ ಆಡಿದ ಮಾತು ಒಂದೇ: "ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಸಮಯ ಕೊಡಬೇಕು ಸ್ವಾಮಿ." ಈ ವಾಕ್ಯ ಹೇಳುವುದಕ್ಕೆ ಐದು ವರ್ಷ ಕಾನೂನು ಓದಿದೆ. ಗಿಳಿಗೆ ಕಲಿಸಿದ್ದರೆ ಒಂದು ಮೆಣಸಿನಕಾಯಿಗೆ ಹೇಳುತ್ತಿತ್ತು, ಕರಿ ಕೋಟೂ ಬೇಕಿರಲಿಲ್ಲ. ಭಾಲ್ಕಿಯಲ್ಲಿ ಅವ್ವ ಇನ್ನೂ ನೆರೆಯವರಿಗೆ "ನಮ್ಮ ಉಜ್ವಲಾ ಬೀದರ ಕೋರ್ಟಿನಾಗ ವಾದ ಮಾಡ್ತಾಳ" ಎಂದು ಹೇಳಿಕೊಂಡು ತಿರುಗುತ್ತಾಳೆ.

ಈ ದಿನಚರಿ ನನಗೊಬ್ಬಳಿಗೆ. ಯಾರ ಮುಂದೆಯೂ ಹೇಳಲಾಗದ್ದನ್ನು ಇಲ್ಲಿ ಹಾಕಿ ಮುಚ್ಚಿಡುತ್ತೇನೆ.

ನಿನ್ನೆ ಒಂದು ಒಳ್ಳೆಯದಾಯಿತು. ಜಾವೀದ ನನ್ನ ಕಾಲೇಜಿನ ಗೆಳೆಯ. ಹೈದರಾಬಾದಿನಲ್ಲಿ ಅನಿಮೇಷನ್ ಕಲಿತು ಬಂದು, ಇಲ್ಲಿ ಲಗ್ನಪತ್ರಿಕೆ ಮತ್ತು ಬ್ಯಾನರುಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ತಲೆಯಲ್ಲಿ ಬಹಳ ದಿನದಿಂದ ಒಂದು ಹುಳ. ನಾವು ಚಿಕ್ಕವರಿದ್ದಾಗ ಟಿ.ವಿ.ಯಲ್ಲಿ ಓಡಿ, ಬಿದ್ದು, ಸಿಡಿದು ಮತ್ತೆ ಎದ್ದು ಬರುತ್ತಿದ್ದವಲ್ಲ, ಅಂಥ ಕಾರ್ಟೂನು ಪ್ರಾಣಿಗಳು ಈಗ ಮುದಿಯಾಗಿವೆ. ಕೆಲಸವಿಲ್ಲ, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಮೇಲೆ ಕುಡಿತ. ಅವೆಲ್ಲ ನಮ್ಮ ಕೋರ್ಟಿಗೆ ಬಂದು ಕೇಸು ಹಾಕುತ್ತವೆ. ಹೆಸರು 'ಮಾಜಿ ಪ್ರಾಣಿಗಳು'. ದೊಡ್ಡವರಿಗಷ್ಟೇ, ಮಕ್ಕಳು ನೋಡುವಂಥದ್ದಲ್ಲ.

"ನೀ ಕೋರ್ಟಿನ ಸುದ್ದಿ ಹೇಳ್ತೀ ಅಲ್ಲ, ಅದೇ ಬರದು ಕೊಡು," ಎಂದ. "ಮನಷ್ಯಾರ ಮುಖ ಇಟ್ರ ಮಾನಹಾನಿ ಕೇಸ ಬೀಳ್ತದ. ಪ್ರಾಣಿ ಮುಖ ಇಟ್ರ ಯಾರ ಬರ್ತಾರ ಕೇಸ ಹಾಕ್ಲಾಕ?"

ಅಲ್ಲೇ ಕುಳಿತು ಮೊದಲ ಕಂತು ಬರೆದೆ. ಮೂವತ್ತು ವರ್ಷ ಪ್ರತಿ ಭಾನುವಾರ ತಲೆಯ ಮೇಲೆ ಬಂಡೆ ಬಿದ್ದು ಚಪ್ಪಟೆಯಾಗಿ, ಮರುಗಳಿಗೆಯಲ್ಲಿ ಪುಸ್ಸೆಂದು ಉಬ್ಬಿಕೊಳ್ಳುತ್ತಿದ್ದ ಹೆಗ್ಗಣ ಅಂಗವಿಕಲರ ಪ್ರಮಾಣಪತ್ರ ಕೇಳುತ್ತದೆ. ಡಾಕ್ಟರು ಬರುವಷ್ಟರಲ್ಲಿ ಅದು ಉಬ್ಬಿಕೊಂಡಿರುತ್ತದೆ. 'ಊನ ಕಾಣುತ್ತಿಲ್ಲ' ಎಂದು ಬರೆದು ಕಳಿಸುತ್ತಾರೆ. ಗೂಬೆ ನ್ಯಾಯಾಧೀಶರು "ಬಂಡೆ ಬಿದ್ದ ಕೂಡಲೇ ಬಾ" ಅನ್ನುತ್ತಾರೆ. "ಆಗ ನನಗೆ ಕಾಲೇ ಇರುವುದಿಲ್ಲ ಸ್ವಾಮಿ" ಎಂದು ಹೆಗ್ಗಣ. ಹೆಗ್ಗಣದ ಪರ ಒಬ್ಬ ಕೋಣ ವಕೀಲ. ಎದ್ದು ನಿಂತಾಗಲೆಲ್ಲ ತಾರೀಖು ಕೇಳುವುದೊಂದೇ ಅವನ ಕೆಲಸ.

ಜಾವೀದ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಯಾರೋ ನನ್ನ ಮಾತು ಪೂರ್ತಿ ಕೇಳಿ ಎಷ್ಟು ದಿನವಾಗಿತ್ತು.

ಜೂನ್ 19, ಬುಧವಾರ. ಔರಾದ

"ಸಣ್ಣ ಕೇಸು, ದೂರದ ಊರು, ನೀನೇ ನೋಡ್ಕೊ" ಎಂದು ಮಲ್ಲಿಕಾರ್ಜುನಪ್ಪನವರು ನನ್ನ ಕೈಗೆ ಹಾಕಿದ ಫೈಲು. ಸಣ್ಣದಾದರೂ ಮೊದಲ ಸಲ ನನ್ನದೇ. ಔರಾದಿಗೆ ಬಸ್ಸಿನಲ್ಲಿ ಹೋಗಿ ಶೇವಂತಾಬಾಯಿಯವರನ್ನು ಅವರ ಮನೆಯಲ್ಲೇ ಕಂಡೆ. ಅರವತ್ತರ ಹೆಂಗಸು, ಎತ್ತರ, ನೇರ ಬೆನ್ನು. ಗಂಡ ಪಂಢರಿ ಸರ್ಕಾರಿ ಶಾಲೆಯ ಜವಾನ, ಹೋದ ವರ್ಷ ತೀರಿಕೊಂಡ. ಮಕ್ಕಳಿಲ್ಲ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬ, ಪಕ್ಕದಲ್ಲಿ ಪಂಢರಿ.

ಕೇಸು ಹಾಕಿದವನು ಪಂಢರಿಯ ತಮ್ಮ ಕೈಲಾಶ. "ಈಕೆ ನಮ್ಮಣ್ಣನ ಹೆಂಡತಿಯೇ ಅಲ್ಲ, ಅಡುಗೆಗೆ ಇದ್ದವಳು. ಮನೆ ಬಿಡಿಸಿಕೊಡಿ" ಎಂದು ಅವನ ವಾದ. ನೌಕರಿಯ ದಾಖಲೆಯಲ್ಲಿ ಪಂಢರಿ ಮದುವೆಗೆ ಮುಂಚೆ ತಮ್ಮನ ಹೆಸರು ಬರೆಸಿದ್ದು, ಆಮೇಲೆ ತಿದ್ದಿಸಲೇ ಇಲ್ಲ. ಮದುವೆಯ ಫೋಟೊ ಇಲ್ಲ. ಮದುವೆ ಮಾಡಿಸಿದ ಮಾಸ್ತರರು ಸತ್ತು ಇಪ್ಪತ್ತು ವರ್ಷ.

"ಇದೇ ಕೈಲಾಶಗ ನಾ ಉಣ್ಣಾಕ ನೀಡೀನಿ, ಅಕ್ಕೋರ," ಎಂದರು. "ಹನ್ನೆರಡು ವರ್ಷದಂವ ಇದ್ದ. ವೈನೀ ವೈನೀ ಅಂತ ಅತ್ತಿಗಿ ಹಿಂದ ತಿರಗ್ತಿದ್ದ. ಈಗ ನಾ ಅವರ ಅಣ್ಣಗ ಏನ ಆಗಬೇಕಂತ ಕೋರ್ಟಿಗಿ ಕೇಳ್ಲತ್ತಾನ."

ಮನೆ ಹೋದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. "ಮನಿ ಮಾತ ಆಮ್ಯಾಗ. ನಾ ಅವರ ಹೆಣ್ತಿ ಅಂತ ಮೊದಲ ಅವರು ಬರೀಲಿ," ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಫೈಲನ್ನು ಮತ್ತೊಮ್ಮೆ ಪೂರ್ತಿ ಓದಿದೆ. ಈ ಹೆಂಗಸು ಸೋಲಬಾರದು.

ಜೂನ್ 27, ಗುರುವಾರ. ಔರಾದ

ಇವತ್ತು ಸಾಕ್ಷಿಯ ತಾಲೀಮು. ಪಾಟೀಸವಾಲಿಗೆ ಹೆದರಬಾರದೆಂದು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿ ನಾವೇ ಮೊದಲು ಎಲ್ಲ ಕೇಳಿ ನೋಡುವುದು ನಮ್ಮ ಪದ್ಧತಿ. ಮದುವೆ ಹೇಗಾಯಿತು ಹೇಳಿರಿ ಎಂದೆ. ಅವರು ಹೇಳಿದ್ದನ್ನು ಇಲ್ಲಿ ಬರೆದಿಡದೆ ಇರಲಾರೆ.

ಮದುವೆ ಮಾಡಿಸುವ ಬೌದ್ಧ ಭಿಕ್ಷು, ಭಂತೇಜಿ, ಉದಗೀರದಿಂದ ಬರಬೇಕಿತ್ತು, ಬಸ್ಸು ಕೆಟ್ಟು ಬರಲಿಲ್ಲ. ಊರ ಮಾಸ್ತರರೇ ಪುಸ್ತಕ ಹಿಡಿದು ಪ್ರತಿಜ್ಞೆ ಓದಿಸಲು ನಿಂತರು. ಓದುವ ಕನ್ನಡಕ, ಚಾಳೀಸು, ಮರೆತು ಬಂದಿದ್ದರು. ಬುದ್ಧನ ಮುಂದೆ ಹಚ್ಚಿದ ಮೇಣಬತ್ತಿ ಗಾಳಿಗೆ ಎರಡು ಸಲ ಆರಿತು. ಮಾಸ್ತರರು ಪ್ರತಿಜ್ಞೆಯ ನಡುವೆಯೇ, "ಬೆಳಕ ಹಿಡೀರೋ, ಕಾಣವಲ್ದು" ಎಂದರು. ಮದುಮಗ ಪಂಢರಿ ಹೆದರಿ ಬೆವೆತು ನಿಂತಿದ್ದವನು ಅದೂ ಪ್ರತಿಜ್ಞೆಯೇ ಎಂದು ತಿಳಿದು, ಕೈ ಮುಗಿದುಕೊಂಡು ಗಟ್ಟಿಯಾಗಿ, "ಬೆಳಕ ಹಿಡೀರೋ, ಕಾಣವಲ್ದು" ಎಂದುಬಿಟ್ಟ!

"ಇಡೀ ಚಪ್ಪರ ನಗ್ತು," ಎಂದರು ಶೇವಂತಾಬಾಯಿ. "ಎರಡು ಸಲ ಆರ್ತು, ಮೂರನೇ ಸಲ ನಾನೇ ಹಚ್ಚೀನಿ. ಮದುಮಗಳು ಏಳಬಾರದು ಅಂದ್ರು. ಹ್ಯಾಂಗ ಕೂಡ್ಲಿ? ಸೆರಗ ಅಡ್ಡ ಹಿಡದು ಹಚ್ಚೀನಿ. ಆಮ್ಯಾಗ ನಲವತ್ತೆರಡು ವರ್ಷ, ಜಗಳ ಆದಾಗೊಮ್ಮೆ ಅವರು ಕೈ ಮುಗದು ಅದೇ ಅಂತಿದ್ರು ನೋಡು, ಮಗಳ. ಬೆಳಕ ಹಿಡಿ, ಕಾಣವಲ್ದು."

ನನ್ನನ್ನು ಅಕ್ಕೋರ ಅನ್ನುವುದು ಬಿಟ್ಟು ಮಗಳೇ ಅಂದದ್ದು ಅವರಿಗೂ ಗೊತ್ತಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಜುಲೈ 7, ಭಾನುವಾರ. ಬೀದರ

ಮೂರು ಕಂತು ಹೋಗಿವೆ. ನೋಡಿದವರು ನೂರು ಚಿಲ್ಲರೆ, ಅದರಲ್ಲಿ ಅರ್ಧ ಜಾವೀದನ ನೆಂಟರು. ನಾಲ್ಕನೆಯದಕ್ಕೆ ಏನೂ ಹೊಳೆಯಲಿಲ್ಲ. ಖಾಲಿ ಹಾಳೆ ಮುಂದಿಟ್ಟುಕೊಂಡು ಕುಳಿತವಳಿಗೆ ಕೈ ತಾನೇ ಓಡಿತು. ಒಂದು ಮುದಿ ಕೋಳಿ ಕೋರ್ಟಿಗೆ ಬಂದು, ಹುಂಜದೊಂದಿಗೆ ತನ್ನ ಮದುವೆಯಾಗಿತ್ತೆಂದು ಸಾಧಿಸಬೇಕು. ಮೇಣಬತ್ತಿ, ಚಾಳೀಸು ಮರೆತ ಕೊಕ್ಕರೆ ಮಾಸ್ತರ, ಕೈ ಮುಗಿದ ಹುಂಜ. ಎಲ್ಲ ಬಂತು. ಊರು ಹಾಕಿಲ್ಲ, ಹೆಸರು ಹಾಕಿಲ್ಲ. ಕೋಳಿಯ ಮುಖ ಇಟ್ಟ ಮೇಲೆ ಅದು ಯಾರ ಮದುವೆಯೂ ಅಲ್ಲ.

ಜಾವೀದನ ತಂಗಿ ತರನ್ನುಮ ಹೆಣ್ಣು ಪ್ರಾಣಿಗಳಿಗೆ ದನಿ ಕೊಡುತ್ತಾಳೆ. ನಾಲ್ಕು ಸಲ ಓದಿ ಕೈಚೆಲ್ಲಿದಳು. "ಇದು ಔರಾದ ಕಡಿ ಮಾತು ಆಪಾ, ನನ್ನ ಬಾಯಾಗ ನಕಲಿ ಆಗ್ಲತ್ತದ. ನೀವೇ ಒಮ್ಮೆ ಅಂದು ನೋಡ್ರಿ."

ನಾನು ಮೈಕು ಹಿಡಿದೆ. ಒಂದೇ ಸಲಕ್ಕೆ ಬಂತು. ಅದೇ ಏಳುಬೀಳು, ಅದೇ ನಡುವೆ ನಿಲ್ಲಿಸಿ ಉಸಿರು ಎಳೆಯುವುದು. ಜಾವೀದ ಹೆಡ್‌ಫೋನು ತೆಗೆದು ನನ್ನನ್ನೇ ನೋಡಿದ. "ಯಾರದು ಈ ದನಿ?" ಎಂದು ಕೇಳಿದ. ನಂದೇ ಎಂದೆ.

ಜುಲೈ 16, ಮಂಗಳವಾರ

ಭಾನುವಾರ ಹಾಕಿದ ಕೋಳಿಯ ಕಂತನ್ನು ಎರಡು ದಿನದಲ್ಲಿ ಎಂಬತ್ತು ಸಾವಿರ ಜನ ನೋಡಿದ್ದಾರೆ. ಕೋರ್ಟಿನ ಕ್ಯಾಂಟೀನಿನಲ್ಲಿ ಚಹಾ ಆರಿದೆ ಎಂದು ಯಾರೋ ಅಂದರೆ, ಇನ್ನೊಬ್ಬ, "ಎರಡು ಸಲ ಆರ್ತು, ಮೂರನೇ ಸಲ ನಾನೇ ಹಚ್ಚೀನಿ" ಅಂದ. ಇಡೀ ಮೇಜು ನಕ್ಕಿತು. ನಾನು ಪಕ್ಕದ ಮೇಜಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ಬರೆದವಳು ಇವಳೇ ಎಂದು ಒಬ್ಬರಿಗೂ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಇಷ್ಟು ಸಂತೋಷ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಜುಲೈ 21, ಭಾನುವಾರ. ಭಾಲ್ಕಿ

ಅವ್ವನಿಗೆ ತೋರಿಸಿದೆ. ಒಂದು ಸಲವೂ ನಗಲಿಲ್ಲ. ಫೋನು ಕೆಳಗಿಟ್ಟು, "ನಂದೂ ನಿಮ್ಮಪ್ಪಂದೂ ಮದವಿ ಹೀಂಗೇ ಆಗಿತ್ತು," ಎಂದಳು. "ಪುಸ್ತಕ ಹಿಡದು, ಮೇಣಬತ್ತಿ ಹಚ್ಚಿ. ನಮ್ಮವರ ಮದವಿ ತೋರಿಸಿ ಯಾರಿಗಿ ನಗಸ್ಲತ್ತೀ?"

"ಅದು ಕೋಳಿ ಮದವಿ ಅವ್ವಾ."

"ಕೆಳಗ ಬರದಾರಲ್ಲ, ಓದು."

ಕೆಳಗಿನ ಟಿಪ್ಪಣಿಗಳನ್ನು ನಾನು ಓದಿರಲಿಲ್ಲವೆಂದಲ್ಲ. 'ಇದೂ ಒಂದು ಮದುವೆನಾ', 'ಮಂತ್ರ ಇಲ್ಲ ತಾಳಿ ಇಲ್ಲ ಬರೀ ಕ್ಯಾಂಡಲ್', ಇನ್ನೂ ಕೊಳಕಾದವು. ಅಂಥವರು ಎಲ್ಲ ಕಡೆ ಇರುತ್ತಾರೆ, ಅದಕ್ಕೆ ನಾನೇನು ಮಾಡಲಿ? ಅವ್ವನಿಗೆ ಹಾಸ್ಯ ತಿಳಿಯುವುದಿಲ್ಲ. ಊಟ ಮಾಡದೆ ಬಂದುಬಿಟ್ಟೆ.

ಆಗಸ್ಟ್ 9, ಶುಕ್ರವಾರ

ಕೋಳಿ ಕೇಸಿನಲ್ಲಿ, ಅಂದರೆ ಶೇವಂತಾಬಾಯಿಯದರಲ್ಲಿ, ಸಾಕ್ಷಿಯ ಪ್ರಮಾಣಪತ್ರ ಕೊಟ್ಟು ಬಂದೆ. ಕೋಣ, ಅಂದರೆ ನಮ್ಮ ಮಲ್ಲಿಕಾರ್ಜುನಪ್ಪ, ಎಂದೂ ಫೈಲು ನೋಡದವನು ನಿನ್ನೆ ಕನ್ನಡಕ ಏರಿಸಿ ನೋಡಿ, "ನಲವತ್ತು ವರ್ಷ ಕೂಡಿ ಬಾಳ್ಯಾರ, ಕಾಯ್ದೆ ಆಕಿ ಕಡಿ ಅದ. ಆಕಿ ಮಾತು ಕೋರ್ಟು ನಂಬಬೇಕು, ಅಷ್ಟೇ ಕೇಸು," ಎಂದ. "ಮದವಿದು ಸಣ್ಣ ಸಣ್ಣ ಸಂಗತಿ ಎಲ್ಲಾ ಬರಿ. ಸುಳ್ಳ ಹೇಳವ್ರಿಗಿ ಅಂಥಾವು ಹೊಳಿಯಂಗಿಲ್ಲ."

ಎಲ್ಲ ಬರೆದೆ. ಮೇಣಬತ್ತಿ, ಚಾಳೀಸು, ಬೆಳಕ ಹಿಡೀರೋ. ಬರೆಯುವಾಗ ಒಂದು ಗಳಿಗೆ ಕೈ ನಿಂತಿತು. ಆದರೆ ಔರಾದಿನ ಕೋರ್ಟಿನಲ್ಲಿ ಯಾರು ಕಾರ್ಟೂನು ನೋಡುತ್ತಾರೆ? ಅಲ್ಲಿನ ನ್ಯಾಯಾಧೀಶ ಗೂಬೆಗೆ ಸಹಿ ಮಾಡಲೇ ಪುರಸೊತ್ತಿಲ್ಲ.

ಆಗಸ್ಟ್ 20, ಮಂಗಳವಾರ

ಹೈದರಾಬಾದಿನ ಕಂಪನಿಯಿಂದ ಫೋನು. ಹನ್ನೆರಡು ಕಂತು ಬೇಕಂತೆ, ಬರವಣಿಗೆ ನನ್ನದೇ, ಕೋಳಿ ಪ್ರತಿ ಕಂತಿನಲ್ಲೂ ಇರಬೇಕಂತೆ. ಒಂದೇ ಷರತ್ತು: ಈ ಸರಣಿಯ ಬಗ್ಗೆ ಯಾವ ಕೋರ್ಟಿನಲ್ಲೂ ತಕರಾರಿಲ್ಲವೆಂದು ಬರೆದುಕೊಡಬೇಕು. ತಕರಾರು ಎಲ್ಲಿಂದ ಬರಬೇಕು! ಕೋಣನ ಆಫೀಸಿನ ಕಸದಬುಟ್ಟಿಯಂಥ ಮೇಜು ಬಿಟ್ಟು ಹೋಗುವ ದಿನ ಬಂತು.

ಸೆಪ್ಟೆಂಬರ್ 12, ಗುರುವಾರ. ಔರಾದ

ಕೋಣ ಭಾಲ್ಕಿಯ ಕೋರ್ಟಿನಲ್ಲಿದ್ದ. ನಾನೊಬ್ಬಳೇ. ಹನ್ನೊಂದು ವರ್ಷ ಕಾದ ದಿನ. ಕೊರಳಿಗೆ ಹೊಸ ಬಿಳಿ ಬ್ಯಾಂಡು ಕಟ್ಟಿಕೊಂಡು ಹೋಗಿದ್ದೆ.

ಕೋಳಿ ಕಟಕಟೆ ಹತ್ತಿದಳು. ಕೈಲಾಶನ ವಕೀಲ ನಂದಕುಮಾರ, ನಮ್ಮ ಸರಣಿಯ ನರಿಗೆ ಅವನ ಮೀಸೆಯನ್ನೇ ಇಟ್ಟಿದ್ದೇವೆ, ಬಹಳ ಮೆತ್ತಗೆ ಶುರು ಮಾಡಿದ.

"ದೀಪ ಎಷ್ಟು ಸಲ ಆರ್ತು, ಅಮ್ಮಾ?"

"ಎರಡು ಸಲರಿ."

"ಮೂರನೇ ಸಲ?"

"ನಾನೇ ಹಚ್ಚೀನ್ರಿ."

ಕೋರ್ಟು ನಕ್ಕಿತು. ಗುಮಾಸ್ತ, ಬಾಗಿಲ ಬಳಿಯ ಪೊಲೀಸು, ಹಿಂದಿನ ಬೆಂಚಿನ ವಕೀಲರು, ಎಲ್ಲರೂ. ಕೋಳಿಯೂ ಅವರ ಜೊತೆ ಸ್ವಲ್ಪ ನಕ್ಕಳು. ಮದುವೆಯ ದಿನ ಚಪ್ಪರ ನಕ್ಕ ಹಾಗೆಯೇ ಇವರೂ ನಗುತ್ತಿದ್ದಾರೆಂದು ತಿಳಿದಳು. ಆ ನಗು ನೋಡಲಾಗಲಿಲ್ಲ ನನಗೆ. ಕೆಳಗೆ ನೋಡಿ ಕಾಗದ ಜೋಡಿಸುತ್ತ ಕುಳಿತೆ.

ಆಗ ನಂದಕುಮಾರ ಫೋನು ತೆಗೆದ. ಕಾನೂನಿನ ಪ್ರಕಾರ ಬೇಕಾದ ದೃಢೀಕರಣವನ್ನೂ ತಂದಿದ್ದ. ನ್ಯಾಯಾಧೀಶರ ಅನುಮತಿ ಪಡೆದು ಕೋಳಿಯ ಕಂತು ಹಚ್ಚಿದ. ಇಡೀ ಕೋರ್ಟಿನಲ್ಲಿ ನನ್ನ ದನಿ.

ಮುದುಕಿ ತಲೆ ವಾಲಿಸಿ ಕೇಳಿದಳು. "ಇದು ನನ್ನದೇ ದನಿ ಅದ," ಎಂದಳು. "ಇದು ನನ್ನದೇ ಮದವಿ ಅದ." ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಈ ಕಾರ್ಟೂನು ಬಂದದ್ದು ಜುಲೈ ಹದಿನಾಲ್ಕಕ್ಕ," ಎಂದ ನಂದಕುಮಾರ. "ನಿಮ್ಮ ಪ್ರಮಾಣಪತ್ರ ಆಗಸ್ಟ್ ಒಂಬತ್ತಕ್ಕ. ಕಾರ್ಟೂನ ನೋಡಿ ಮದವಿ ಕತಿ ಕಟ್ಟೀರಿ ಅಂತ ನಾ ಹೇಳ್ತೇನಿ."

"ಸುಳ್ಳರಿ. ನಾ ಕಾರ್ಟೂನ ನೋಡಿಲ್ಲ. ಅದಕ್ಕೂ ಮೊದಲೇ ನಾ ಇವರಿಗಿ ಹೇಳೀನಿ. ಈ ಮಗಳಿಗಿ. ಬೇಕಾದ್ರ ಕೇಳ್ರಿ ಸಾಹೇಬರ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಏನ್ರೀ ವಕೀಲರೇ, ಸಾಕ್ಷಿ ಹೇಳುವುದು ನಿಜವೇ?"

ನಾನು ಎದ್ದು ನಿಂತೆ. ಬಾಯಿಂದ ಬಂದದ್ದು ಇದು: "ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಸಮಯ ಕೊಡಬೇಕು ಸ್ವಾಮಿ."

ಕೊಟ್ಟರು. ಇದೇ 26ಕ್ಕೆ.

ಹೊರಗೆ ಕೈಲಾಶ ಬೇವಿನ ಮರದ ಕೆಳಗೆ ನಿಂತಿದ್ದ. ಯಾರೋ ಕಳಿಸಿದ ಆ ಕಂತನ್ನು ನೋಡಿದ ಕೂಡಲೇ ಗುರುತು ಹಿಡಿದನಂತೆ. ಹೇಗೆ ಹಿಡಿದ? ಆ ಚಪ್ಪರದಲ್ಲಿ ಹನ್ನೆರಡು ವರ್ಷದವನಾಗಿ ಅವನೇ ಕುಳಿತಿದ್ದ, ಅದಕ್ಕೇ! ಅವನು ಗುರುತು ಹಿಡಿದದ್ದೇ ಮದುವೆ ಆಗಿತ್ತು ಅನ್ನುವುದಕ್ಕೆ ಸಾಕ್ಷಿ. ಎಂಥ ಚೆಂದದ ವಾದ! ಆದರೆ ಇದನ್ನು ಹೇಳಬೇಕಾದರೆ ಆ ಕಂತು ಎಲ್ಲಿಂದ ಬಂತೆಂದು ಮೊದಲು ನಾನು ಹೇಳಬೇಕು.

ಮುದುಕಿ 'ನೆಪ್ಪಿಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ತಾಲೀಮಿನಲ್ಲಿ ಕಲಿಸಿದ್ದನ್ನು ಬಿಟ್ಟು ನನ್ನ ಕಡೆ ಬೆರಳು ತೋರಿಸುವುದು ಏನಿತ್ತು?

ಸೆಪ್ಟೆಂಬರ್ 13, ಶುಕ್ರವಾರ. ಬೀದರ

ಕೋಣನಿಗೆ ಸುದ್ದಿ ಮುಟ್ಟಿತ್ತು. ಬಯ್ಯುತ್ತಾನೆಂದು ಸಿದ್ಧಳಾಗಿ ಹೋದೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಕಾರ್ಟೂನ ನಾ ಮೊದಲ ಕಂತಿಲಿಂದ ನೋಡ್ಲತ್ತೀನಿ," ಎಂದ. "ಕೋಣ ಭಾಳ ಚಂದ ಆಗ್ಯಾನ. ಮನ್ಯಾಗ ನನ್ನ ಹೆಣ್ತಿ ಶಶಿಕಲಾ ನಕ್ಕೋತ ನನಗ ಹಾಂಗೇ ಕರೀತಾಳ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ. "ನೋಡವ್ವಾ, ವಕಾಲತ್ತಿಲಿಂದ ನೀ ಹೊರಗ ಬಾ. ಕೇಸು ನಾ ನಡಸ್ತೇನಿ. ನೀ ಕಟಕಟಿ ಹತ್ತಿ ಇದ್ದದ್ದು ಹೇಳು, ಆಕಿ ಜೂನ್‌ದಾಗ ನನಗ ಹೇಳ್ಯಾಳ, ಜುಲೈದಾಗ ನಾ ಕಾರ್ಟೂನ ಮಾಡೀನಿ ಅಂತ. ಕಕ್ಷಿದಾರರ ಗುಟ್ಟು ಹೊರಗ ಹಾಕೀದಿ ಅಂತ ವಕೀಲರ ಪರಿಷತ್ತಿನವರು ಕೇಳ್ತಾರ. ಕೇಳ್ಲಿ. ಸ್ವಲ್ಪ ದಿನ ವಕೀಲಿ ಸನ್ನದು ಹೋಗ್ತದ, ಮತ್ತ ಬರ್ತದ. ಆಕಿ ಹೆಣ್ತಿ ಅಲ್ಲಂತ ಒಮ್ಮೆ ಬರದ್ರ ಹ್ಯಾಂಗ ಅಳಸ್ತೀ?"

ಈ ಮನುಷ್ಯ ಹನ್ನೊಂದು ವರ್ಷ ನನ್ನನ್ನು ತಾರೀಖು ಕೇಳಲು ಎಬ್ಬಿಸಿ ನಿಲ್ಲಿಸಿದ. ಈಗ ಕಟಕಟೆಗೆ ನಿಲ್ಲಿಸುತ್ತಾನಂತೆ. ಒಳ್ಳೆಯವನಾಗಲು ಅವನಿಗೆ ಇದೇ ವಾರ ಬೇಕಿತ್ತೇ? ಅಕ್ಟೋಬರ್ ಮೂರಕ್ಕೆ ಹೈದರಾಬಾದಿನ ಸಹಿ. ಯೋಚನೆ ಮಾಡುತ್ತೇನೆ ಎಂದು ಹೇಳಿ ಎದ್ದು ಬಂದೆ.

ಸೆಪ್ಟೆಂಬರ್ 15, ಭಾನುವಾರ

"ಆ ಕಂತು ತಗದುಬಿಡ್ಲೇನು?" ಎಂದು ಜಾವೀದ ಕೇಳಿದ. ಮುಖ ಸಪ್ಪಗಿತ್ತು. ತೆಗೆದರೆ ತಪ್ಪು ಒಪ್ಪಿದ ಹಾಗಾಗುತ್ತದೆ ಎಂದು ವಕೀಲಳಾಗಿ ತಿಳಿಹೇಳಿದೆ.

"ಆ ಅಮ್ಮಾ ಖರೆನೇ ಇದ್ದಾಳಂತ ನೀ ನನಗ ಹೇಳಿದ್ದಿಲ್ಲ," ಎಂದ. "ಕತಿ ಅಂದಿದ್ದಿ."

ಕೇಳಿರಲಿಲ್ಲ ನೀನು ಎಂದೆ.

ಸೆಪ್ಟೆಂಬರ್ 26, ಗುರುವಾರ. ನೌಬಾದ

ಜ್ವರವೆಂದು ಹೇಳಿ ಕಳಿಸಿ ಇಲ್ಲಿನ ನನ್ನ ಬಾಡಿಗೆ ಕೋಣೆಯಲ್ಲೇ ಇದ್ದೆ. ಕೋಣ ಒಬ್ಬನೇ ಔರಾದಿಗೆ ಬಸ್ಸಿನಲ್ಲಿ ಹೋದನಂತೆ. ನನ್ನನ್ನು ಸಾಕ್ಷಿಗೆ ಕರೆಸಲು ಅರ್ಜಿ ಬರೆದು ಇಟ್ಟುಕೊಂಡಿದ್ದನಂತೆ, ನನ್ನ ಫೋನಿಗೆ ಕಾದು, ಕೊಡದೆ ವಾಪಸು ತಂದನಂತೆ. ಸಾಕ್ಷಿ ಮುಗಿಯಿತು ಎಂದು ಬರೆದುಕೊಂಡರು.

ಮಧ್ಯಾಹ್ನ ಎರಡು ಸಲ ಜ್ವರ ನೋಡಿಕೊಂಡೆ. ತೊಂಬತ್ತೆಂಟೂವರೆ. ಬಂದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 3, ಗುರುವಾರ. ಹೈದರಾಬಾದ

ಸಹಿ ಆಯಿತು. 'ಯಾವ ತಕರಾರೂ ಇಲ್ಲ' ಎಂಬ ಸಾಲಿನ ಕೆಳಗೂ.

ನವೆಂಬರ್ 28, ಗುರುವಾರ. ಬೀದರ

ತೀರ್ಪು ಬಂತು. ಕೈಲಾಶನಿಗೆ ಮನೆ. ಎರಡು ತಿಂಗಳಲ್ಲಿ ಬಿಡಬೇಕು. ನಕಲು ತರಿಸಿ ಓದಿದೆ: "ಪ್ರತಿವಾದಿಯು ಹೇಳುವ ಮದುವೆಯ ವಿವರಗಳು ಅದಕ್ಕಿಂತ ಮುಂಚೆಯೇ ಪ್ರಕಟವಾದ ಹಾಸ್ಯ ಚಿತ್ರವೊಂದರ ಸಂಭಾಷಣೆಯನ್ನು ಯಥಾವತ್ತಾಗಿ ಹೋಲುವುದರಿಂದ ಆಕೆಯ ಸಾಕ್ಷ್ಯ ನಂಬಲರ್ಹವಲ್ಲ. ಆಕೆ ಪಂಢರಿಯ ಪತ್ನಿಯೆಂದು ಸಾಬೀತಾಗಿಲ್ಲ."

ಯಥಾವತ್ತಾಗಿ. ಬರೆಯುವವರಿಗೆ ಇದಕ್ಕಿಂತ ಹೊಗಳಿಕೆ ಸಿಗುವುದಿಲ್ಲ. ಹಾಗೆಂದುಕೊಂಡು ನಗಲು ನೋಡಿದೆ. ಕೋಣ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡ. ಎಂದೂ ಮುಂದೆ ಮಾಡಿದವನಲ್ಲ.

ಡಿಸೆಂಬರ್ 16, ಸೋಮವಾರ. ಬೀದರ

ಆಫೀಸಿನಲ್ಲಿ ಇದು ನನ್ನ ಕೊನೆಯ ವಾರ. ಮಲ್ಲಿಕಾರ್ಜುನಪ್ಪನವರು ಕೋರ್ಟಿಗೆ ಹೋಗಿದ್ದರು. ಹನ್ನೊಂದು ಗಂಟೆಗೆ ಶೇವಂತಾಬಾಯಿ ಬಂದರು. ತಮ್ಮ ಕಾಗದಗಳು ಬೇಕೆಂದರು. ಮನೆ ಬಿಟ್ಟಾಗಿದೆ, ಮನ್ನಳ್ಳಿಯಲ್ಲಿ ತಂಗಿ ಶಾಲುಬಾಯಿಯ ಹತ್ತಿರ ಇದ್ದಾರೆ.

ಅಪೀಲು ಮಾಡಬಹುದು, ಸಾಹೇಬರು ತಾವೇ ನಡೆಸುತ್ತೇನೆ ಅಂದಿದ್ದಾರೆ ಎಂದೆ.

"ಬ್ಯಾಡರಿ ವಕೀಲರ. ಮತ್ತ ಯಾರರೆ ಅದೇ ಮಾತ ಕೇಳ್ತಾರ, ಮತ್ತ ಮಂದಿ ನಗ್ತಾರ. ಈಗೀಗ ಮದವಿ ನೆನಸಿದ್ರ ಅವರ ಮುಖಾನೇ ಬರವಲ್ದು. ನಿಮ್ಮ ಹುಂಜಂದು ಬರ್ತದ."

ಸಿಟ್ಟಿಲ್ಲದೆ ಹೇಳಿದರು. ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಫೈಲು ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ.

"ಒಂದು ಕೇಳ್ಲೇನ್ರಿ? ಆ ದನಿ ನನ್ನ ಎದುರಿಗಿ ಒಮ್ಮೆ ಮಾಡ್ರಿ. ಅವತ್ತ ಗದ್ದಲದಾಗ ಬರೋಬ್ಬರಿ ಕೇಳಲಿಲ್ಲ."

ಆಗುವುದಿಲ್ಲ ಎನ್ನಬೇಕಿತ್ತು. ಯಾಕೋ ಮಾಡಿದೆ. ಎರಡು ಸಲ ಆರ್ತು, ಮೂರನೇ ಸಲ ನಾನೇ ಹಚ್ಚೀನಿ. ಹ್ಯಾಂಗ ಕೂಡ್ಲಿ? ಸೆರಗ ಅಡ್ಡ ಹಿಡದು ಹಚ್ಚೀನಿ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನನಗೆ ಇವತ್ತೂ ಒಂದೇ ಸಲಕ್ಕೆ ಬಂತು, ಎಲ್ಲೂ ತಪ್ಪಲಿಲ್ಲ.

"ಭಾಳ ಚಂದ ಬರ್ತದ ನಿಮಗ," ಎಂದರು. "ಸಾಹೇಬರು ಕೇಳಿದಾಗ ಇದರಾಗ ಒಂದ ಮಾತ ಹೇಳಿದ್ರ ಆಗ್ತಿತ್ತು."

ನನಗೆ ನಾಚಿಕೆಯಾಯಿತು. ಇಷ್ಟು ದಿನ ಬೇರೆ ಬೇರೆ ಹೆಸರಿಟ್ಟು ಬರೆದೆನಲ್ಲ, ಅದು ಇದೇ.

ಕಾಗದ ಕೊಟ್ಟದ್ದಕ್ಕೆ ರಸೀದಿ ಪುಸ್ತಕ ಮುಂದಿಟ್ಟು ಎಲ್ಲಿ ಸಹಿ ಮಾಡಬೇಕೆಂದು ತೋರಿಸಿದೆ. ಪಂಢರಿಯೇ ಶಾಲೆಯಿಂದ ಸುಣ್ಣದಕಡ್ಡಿ ತಂದು ಅಕ್ಷರ ಕಲಿಸಿದ್ದನಂತೆ. ಪೆನ್ನು ಒತ್ತಿ ಹಿಡಿದು ಒಂದೊಂದೇ ಅಕ್ಷರ ಬರೆದರು: ಶೇವಂತಾಬಾಯಿ ಗಂಡ ಪಂಢರಿ. ತೀರ್ಪಿನ ನಕಲು ಅದೇ ಮೇಜಿನ ಮೇಲಿತ್ತು. ಹಾಗೆ ಬರೆದುಕೊಳ್ಳುವ ಹಕ್ಕು ಆಕೆಗಿಲ್ಲವೆಂದು ಅದರ ಹನ್ನೆರಡನೆಯ ಪುಟದಲ್ಲಿದೆ.

ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಕೇಳಿದರು, "ಬರೋಬ್ಬರಿ ಅದ ಏನ್ರಿ?"

"ಬರೋಬ್ಬರಿ ಅದರಿ," ಎಂದೆ. "ಖರೆ ಅದ."

ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು.